ಹಳೇ ಮರದ ಪ್ರತಿಮೆಯಿಂದ ಪುಡಿ ಬೀಳ್ತಿದೆಯಾ? ಔಷಧಿ ಹೊಡೆಯುವ ಮೊದಲು ಇಷ್ಟು ನೋಡಿ

ಹೋದ ವರ್ಷ ಆರಿದ್ರಾ ಮಳೆ ಜೋರಾಗಿದ್ದ ಹೊತ್ತು. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಿಂದ ಫೋನ್ ಬಂತು. "ಗುಡಿಗಾರ್ರೇ, ನಮ್ಮ ಮಾತೆಯ ಪ್ರತಿಮೆಗೆ ಕುಟ್ಟೆ ಹಿಡಿದಿದೆ. ದಿನಾ ಬೆಳಿಗ್ಗೆ ಬುಡದಲ್ಲಿ ಬಿಳಿ ಪುಡಿ. ಒಂದ್ಸಲ ಬಂದು ನೋಡಿ ಮಾರಾಯ್ರೇ" ಅಂದರು ಆ ಮನೆಯ ಹಿರಿಯರು. ಊರಲ್ಲಿ ಎಲ್ಲರೂ ಅವರನ್ನು ಬಾಯಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನು ಸಾಗರದವನು. ಗಂಧದ ಕೆತ್ತನೆ ಮನೆತನದ ಕೆಲಸ. ಈಗೀಗ ಹಳೇ ಮರದ ಸಾಮಾನಿನ ರಿಪೇರಿಯೇ ಜಾಸ್ತಿ.

ಹೋಗಿ ನೋಡಿದೆ. ಸುಮಾರು 3 ಅಡಿಯ ಮರಿಯಮ್ಮ, ಎಡಗೈಯಲ್ಲಿ ಮಗು ಯೇಸು. ಮೈ ಪೂರ್ತಿ ಒಂದೇ ಸಾಗುವಾನಿ ತುಂಡು. ಮುಂಗೈಗಳನ್ನು ಮಾತ್ರ ಬೇರೆ ಕೆತ್ತಿ ಮರದ ಗೂಟದಿಂದ ಸೇರಿಸಿದ್ದಾರೆ. ಬೆನ್ನಿನ ಕಡೆ ಮರವನ್ನು ತೋಡಿ ಟೊಳ್ಳು ಮಾಡಿ ಮೇಲೆ ಹಲಗೆ ಮುಚ್ಚಿದ್ದಾರೆ. ನೀಲಿ ಮೇಲುಹೊದಿಕೆ, ಅದರ ಅಂಚಿನಲ್ಲಿ ಬಣ್ಣವನ್ನು ಸಣ್ಣದಾಗಿ ಕೆರೆದು ಕೆಳಗಿನ ಚಿನ್ನದ ರೇಕು ಕಾಣುವ ಹಾಗೆ ಬಿಡಿಸಿದ ಹೂಬಳ್ಳಿ. ಗೋವಾದ ಒಂದು ದೊಡ್ಡ ಇಗರ್ಜಿಯ (ಚರ್ಚಿನ) ಪೀಠದಲ್ಲಿತ್ತು, ಪೀಠ ಬಿಚ್ಚಿದಾಗ ಹಿರಿಯರ ಕೈಗೆ ಬಂತು ಅನ್ನುವುದು ಮನೆಯವರ ಮಾತು. ಕಾಗದಪತ್ರ ಇಲ್ಲ. ನಂಬಲಿಕ್ಕೆ ಕಷ್ಟವೇನಿಲ್ಲ. 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಗೋವಾದ ಸನ್ಯಾಸಿ ಮಠಗಳನ್ನು ಮುಚ್ಚಿಸಿತು. ಆಗ ಎಷ್ಟೋ ಪೀಠ, ಎಷ್ಟೋ ಪ್ರತಿಮೆ ಜಾಗ ಬದಲಿಸಿದವು. ಈ ಬಗೆಯ ಕೆಲಸ ದೊಡ್ಡದಾಗಿ ಹೇಗಿರುತ್ತದೆ ಅಂತ ನೋಡಬೇಕಾದರೆ ಹಳೇ ಗೋವಾದ ಸೇ ಕ್ಯಾಥೆಡ್ರಲ್‌ಗೆ ಹೋಗಿ. 1562ರಲ್ಲಿ ಶುರುವಾಗಿ 1619ರಲ್ಲಿ ಮುಗಿದ ಕಟ್ಟಡ. 1776ರಲ್ಲಿ ಅದರ ಒಂದು ಗೋಪುರ ಬಿದ್ದುಹೋಯಿತು. ಚಿನ್ನದ ರೇಕಿನ ದೊಡ್ಡ ಪೀಠ ಈಗಲೂ ಇದೆ.

ನಮ್ಮ ಗುಡಿಗಾರರ ಮನೆಗಳಲ್ಲೂ ಹಿರಿಯರು ಗೋವಾ ಕಡೆಯಿಂದ ಬಂದವರು ಅನ್ನುವ ಮಾತಿದೆ. "ನೆಂಟರನ್ನು ನೋಡಿದ ಹಾಗಾಯ್ತು ಬಾಯಮ್ಮ" ಅಂದೆ. ಅವರು ನಕ್ಕು ಕಾಫಿ ಕೊಟ್ಟರು.

ಕುಟ್ಟೆ ಹಿಡಿದಿರಲಿಲ್ಲ. ಅದು ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು. ಆ ಎರಡು ದಿನದಲ್ಲಿ ನಾನೂ ಒಂದು ಕಡೆ ದಾರಿ ತಪ್ಪಿದೆ. ಹಳೇ ಇಗರ್ಜಿಯಲ್ಲೋ ಮನೆಯ ಪ್ರಾರ್ಥನಾ ಕೋಣೆಯಲ್ಲೋ ಇಂಥ ಪ್ರತಿಮೆ ನೋಡಿಕೊಳ್ಳುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ದೇವಸ್ಥಾನದ ಬಣ್ಣದ ಮರದ ಮೂರ್ತಿಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಮುಟ್ಟುವ ಮೊದಲು

ಮೊದಲ ದಿನ ಒರೆಸಬೇಡಿ, ಗುಡಿಸಬೇಡಿ, ಎತ್ತಬೇಡಿ. ಬಿದ್ದ ಪುಡಿಯೇ ನಿಮಗೆ ಸಿಗುವ ದೊಡ್ಡ ಸಾಕ್ಷಿ. ಎಷ್ಟೋ ಮನೆಯಲ್ಲಿ ನಾನು ಬರ್ತೀನಿ ಅಂತ ಹೇಳಿದ ತಕ್ಷಣ ಚೊಕ್ಕಟವಾಗಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿರುತ್ತಾರೆ. ಬರುವವರಿಗೆ ಮನೆ ಚೆನ್ನಾಗಿ ಕಾಣಲಿ ಅನ್ನುವುದು ಸರಿ, ಆದರೆ ನನಗೆ ನೋಡಲು ಏನೂ ಉಳಿದಿರುವುದಿಲ್ಲ.

ಬೇಕಾದ ಸಾಮಾನು ಕಡಿಮೆ. ಒಂದು ಟಾರ್ಚ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಬಂಗಾರದ ಅಂಗಡಿಯವರು ಕಣ್ಣಿಗೆ ಹಿಡಿಯುವಂಥದ್ದು. ಕಪ್ಪು ಚಾರ್ಟ್ ಪೇಪರ್. ದಾರಕ್ಕೆ ಕಟ್ಟಿದ ಸಣ್ಣ ಆಯಸ್ಕಾಂತ. ಅರ್ಧ ನಿಂಬೆಹಣ್ಣು. ಗಾಳಿಯ ತೇವಾಂಶ ತೋರಿಸುವ ಮೀಟರ್ ಒಂದಿದ್ದರೆ ಒಳ್ಳೆಯದು, ದುಬಾರಿ ಸಾಮಾನೇನಲ್ಲ.

ಟಾರ್ಚನ್ನು ಎದುರಿನಿಂದ ಬಿಡಬೇಡಿ. ಪ್ರತಿಮೆಯ ಪಕ್ಕಕ್ಕೆ ನಿಂತು, ಬೆಳಕು ಮೈಮೇಲೆ ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಹಿಡಿಯಿರಿ. ಎದುರಿನ ಬೆಳಕಿನಲ್ಲಿ ನುಣ್ಣಗೆ ಕಂಡ ಕೆನ್ನೆ, ಓರೆ ಬೆಳಕಿನಲ್ಲಿ ಗುಳ್ಳೆ ಎದ್ದ ಗೋಡೆಯ ಹಾಗೆ ಕಾಣುತ್ತದೆ. ಆ ಸ್ಥಿತಿಯಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ನಾಲ್ಕೂ ಕಡೆ, ಬೆನ್ನು ಮತ್ತು ಬುಡ ಸೇರಿಸಿ. ಮುಂದಿನ ತಿಂಗಳು ಹೋಲಿಸಲು ಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಹಳೇ ಬಿಳಿ ಮತ್ತು ಕೆಂಪು ಬಣ್ಣಗಳಲ್ಲಿ ಸೀಸ ಇರಬಹುದು. ಉಪ್ಪುಕಾಗದ ಹಾಕಿ ಉಜ್ಜಬೇಡಿ. ಪುಡಿ ಮುಟ್ಟಿದ ಕೈ ತೊಳೆಯದೆ ಎಲೆ ಅಡಿಕೆ ಹಾಕಬೇಡಿ.

ಪುಡಿ ಯಾವುದು?

ಪುಡಿ ಅಂದ ತಕ್ಷಣ ನಮ್ಮ ಕಡೆ ಕುಟ್ಟೆ ಅನ್ನುತ್ತಾರೆ. ಬಿದಿರು, ಪಕಾಸಿ, ಗೋಣಿಚೀಲದ ಕಾಳು, ಎಲ್ಲಕ್ಕೂ ಅದೇ ಹೆಸರು. ಮರದ ಪ್ರತಿಮೆಯಿಂದ ಬೀಳುವ ಪುಡಿ ಮಾತ್ರ ಕಡಿಮೆ ಅಂದರೂ ನಾಲ್ಕು ಬಗೆಯದು. ಮದ್ದೂ ಬೇರೆ ಬೇರೆ.

ರಾತ್ರಿ ಕಪ್ಪು ಕಾಗದ ಹಾಸಿ. ಬೆಳಿಗ್ಗೆ ಬಿದ್ದದ್ದನ್ನು ಎರಡು ಬೆರಳ ಮಧ್ಯೆ ಉಜ್ಜಿ ನೋಡಿ. ಮುಖಕ್ಕೆ ಹಾಕುವ ಪೌಡರಿನ ಹಾಗೆ ಜಾರಿದರೆ, ಬಣ್ಣ ತಿಳಿ ಕಂದು ಇದ್ದರೆ, ಅದು ಬಿದಿರಿಗೂ ಬರುವ ಪುಡಿ ಹುಳ. ಇದು ಮರದಲ್ಲಿರುವ ಗಂಜಿಯಂಶ ತಿಂದು ಬದುಕುವಂಥದ್ದು. ಕೃಷ್ಣಪಕ್ಷದಲ್ಲಿ ಬಿದಿರು ಕಡಿದರೆ ಕುಟ್ಟೆ ಬರುವುದಿಲ್ಲ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದೂ ಇದೇ ಹುಳದ ಕಾಟ ತಪ್ಪಿಸಲಿಕ್ಕೆ. ತೂತು 1ರಿಂದ 2 ಮಿಲಿಮೀಟರ್, ದುಂಡಗೆ. ತೊಗಟೆಯ ಒತ್ತಿನ ಬಿಳಿ ಮರ ಅದಕ್ಕೆ ಇಷ್ಟ, ಸಾಗುವಾನಿಯ ಚೇಗಿಗೆ, ಅಂದರೆ ನಡುವಿನ ಗಟ್ಟಿ ಮರಕ್ಕೆ, ಅದು ಬಾಯಿ ಹಾಕುವುದು ಅಪರೂಪ. ಪುಡಿ ಸಣ್ಣ ರವೆಯ ಹಾಗೆ ಬೆರಳಿಗೆ ತರಿತರಿ ಸಿಕ್ಕರೆ ಅದು ಹಳೇ ಮೇಜು ಕುರ್ಚಿ ತಿನ್ನುವ ಇನ್ನೊಂದು ದುಂಬಿ. ತೂತಿನ ಅಳತೆ ಹೆಚ್ಚುಕಡಿಮೆ ಅಷ್ಟೇ.

ಗಸಗಸೆ ಚೆಲ್ಲಿದ ಹಾಗೆ ಒಂದೇ ಅಳತೆಯ ಕಾಳು ಬಿದ್ದಿದ್ದರೆ ಲೆನ್ಸ್ ಹಿಡಿಯಿರಿ. ಪ್ರತಿ ಕಾಳಿಗೂ ಉದ್ದುದ್ದ ಆರು ಮುಖ ಕಂಡರೆ ಅದು ಒಣ ಮರದ ಗೆದ್ದಲಿನ ಹಿಕ್ಕೆ. ಇದು ನೆಲದಿಂದ ಮಣ್ಣಿನ ದಾರಿ ಕಟ್ಟಿಕೊಂಡು ಬರುವ ಒರಲೆ ಅಲ್ಲ. ಮರದೊಳಗೇ ಮನೆ ಮಾಡಿಕೊಂಡಿರುತ್ತದೆ, ಮಣ್ಣು ಬೇಕಿಲ್ಲ. ಹಾಗಾಗಿ "ಒರಲೆ ಮಣ್ಣು ಎಲ್ಲೂ ಇಲ್ಲ, ಗೆದ್ದಲಲ್ಲ" ಅಂತ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ.

ನಾಲ್ಕನೆಯದು ಹುಳದ್ದೇ ಅಲ್ಲ. ಹಳೇ ಕಾಲದ ಕೆತ್ತನೆಗಾರರು ಬರೀ ಮರದ ಮೇಲೆ ಬಣ್ಣ ಬಳಿಯುತ್ತಿರಲಿಲ್ಲ. ಮೊದಲು ಮರಕ್ಕೆ ಅಂಟು ಕುಡಿಸಿ, ಸಂದುಗಳ ಮೇಲೆ ಬಟ್ಟೆ ಚೂರು ಅಂಟಿಸಿ, ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ಪ್ರಾಣಿಯ ಅಂಟಿನಲ್ಲಿ ಕಲಸಿ ಪದರ ಪದರವಾಗಿ ಅಸ್ತರು ಹಾಕುತ್ತಿದ್ದರು. ನಮ್ಮ ಕಡೆ ಮರವಜ್ರ ಅನ್ನುತ್ತೇವಲ್ಲ, ಅದೇ ಜಾತಿಯ ಅಂಟು. ಅಸ್ತರನ್ನು ನುಣ್ಣಗೆ ತಿಕ್ಕಿ, ಚಿನ್ನ ಬರುವ ಕಡೆ ಕೆಂಪು ಜೇಡಿ ಬಳಿದು, ಅದರ ಮೇಲೆ ರೇಕು, ರೇಕಿನ ಮೇಲೆ ಬಣ್ಣ. ಈ ಅಸ್ತರು ಸಡಿಲಾದರೆ ಅಚ್ಚ ಬಿಳಿ ಪುಡಿ ಉದುರುತ್ತದೆ. ನೋಡಿದವರಿಗೆಲ್ಲ ಅದು ಕುಟ್ಟೆ.

ಬೇರ್ಪಡಿಸುವುದು ಸುಲಭ. ಒಂದು ಚಿಟಿಕೆ ಪುಡಿಯನ್ನು ಹಳೇ ಸ್ಟೀಲ್ ಚಮಚದಲ್ಲಿ ಹಾಕಿ, ಅಂಗಳದಲ್ಲಿ ನಿಂತು, ಮೇಣದಬತ್ತಿಯ ಮೇಲೆ ಹಿಡಿಯಿರಿ. ಮುಖ ದೂರ ಇರಲಿ. ಮರದ ಪುಡಿಯಾದರೆ ಹೊಗೆಯಾಡಿ ಕರಿಯಾಗುತ್ತದೆ. ಅಸ್ತರಿನ ಪುಡಿಯಾದರೆ ಸ್ವಲ್ಪ ಕಂದಿ, ಕೂದಲು ಸುಟ್ಟ ವಾಸನೆ ಬರುತ್ತದೆ, ಪುಡಿ ಹಾಗೇ ಉಳಿಯುತ್ತದೆ. ವಾಸನೆ ಅಂಟಿನದು. ಇನ್ನೊಂದು ಚಿಟಿಕೆಗೆ ನಿಂಬೆರಸ ಒಂದು ತೊಟ್ಟು ಹಾಕಿ ಲೆನ್ಸಿನಲ್ಲಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಸೀಮೆಸುಣ್ಣ. ಗುಳ್ಳೆ ಬರಲಿಲ್ಲ ಅಂತ ಅಸ್ತರಲ್ಲ ಅನ್ನಬೇಡಿ. ಕೆಲವರು ಸೀಮೆಸುಣ್ಣದ ಬದಲು ಜಿಪ್ಸಮ್ ಹಾಕುತ್ತಿದ್ದರು, ಅದು ನಿಂಬೆರಸಕ್ಕೆ ಜಗ್ಗುವುದಿಲ್ಲ. ಅದಕ್ಕೇ ಎರಡೂ ಪರೀಕ್ಷೆ ಮಾಡಬೇಕು. ಈ ಪರೀಕ್ಷೆ ಕೆಳಗೆ ಬಿದ್ದ ಪುಡಿಗೆ ಮಾತ್ರ. ಪ್ರತಿಮೆಯ ಮೇಲೆ ನಿಂಬೆಹಣ್ಣು ಹಿಂಡುವುದಕ್ಕಲ್ಲ!

ಬಾಯಮ್ಮನ ಮನೆಯ ಪುಡಿ ಚಮಚದಲ್ಲಿ ಕರಿಯಾಗಲಿಲ್ಲ. ನಿಂಬೆರಸಕ್ಕೆ ಬುಸ್ಸಂತ ಗುಳ್ಳೆ ಎದ್ದಿತು. ಅಸ್ತರು ಅಂತ ನಾನು ಕೈ ತಟ್ಟಿಬಿಟ್ಟೆ. ಅದು ಸರಿಯಾದ ಉತ್ತರವೇ, ಆದರೆ ಸಿಕ್ಕಿದ್ದು ತಪ್ಪು ದಾರಿಯಲ್ಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತೂತು ಇದ್ದರೆ ಏನು? ಇತ್ತು, ಬೆನ್ನ ಹಲಗೆಯಲ್ಲಿ ಹದಿನಾಲ್ಕು. ಹಲಗೆ ಬೇರೆ ಹಗುರ ಮರದ್ದು. ಹೊಸ ತೂತಿನ ಅಂಚು ಚೂಪಾಗಿರುತ್ತದೆ, ಒಳಗೆ ಈಗ ತಾನೇ ಕೊರೆದ ಮರದ ತಿಳಿ ಬಣ್ಣ ಕಾಣುತ್ತದೆ. ಹಳೇ ತೂತಿನ ಅಂಚು ಸವೆದು ಒಳಗೆ ಕಪ್ಪಾಗಿ ದೂಳು ಕೂತಿರುತ್ತದೆ. ಇಲ್ಲಿ ಎರಡು ತೂತಿನೊಳಗೆ ಬಣ್ಣವೇ ಇಳಿದಿತ್ತು. ಅಂದರೆ ಬಣ್ಣ ಬಳಿಯುವ ಮೊದಲೇ ಹುಳ ಬಂದು ಹೋಗಿದೆ. ಸತ್ತ ಹುಳದ ಹಳೇ ಸುರಂಗದಿಂದಲೂ ಪುಡಿ ಬೀಳಬಹುದು ಅನ್ನುವುದು ನೆನಪಿರಲಿ. ಪ್ರತಿಮೆ ಎತ್ತಿದರೆ, ಪಕ್ಕದಲ್ಲಿ ಬಾಗಿಲು ಬಡಿದರೆ, ಹಬ್ಬದ ದಿನ ಬ್ಯಾಂಡಿನವರು ಡ್ರಮ್ ಬಾರಿಸಿದರೆ ಉದುರುತ್ತದೆ. ಹಾಗಾಗಿ ಪ್ರತಿಮೆಯನ್ನು ಅಲ್ಲಾಡಿಸದೆ ಮೂರು ವಾರ ಕಪ್ಪು ಕಾಗದ ಹಾಸಿ ನೋಡಿ. ಒಂದೇ ಜಾಗದಲ್ಲಿ, ಒಂದೇ ತೂತಿನ ನೇರ ಕೆಳಗೆ, ಮತ್ತೆ ಮತ್ತೆ ಸಣ್ಣ ಗುಡ್ಡೆ ಬಿದ್ದರೆ ಹುಳ ಜೀವಂತ ಇದೆ.

ಹಸಿರು ನೀಲಿ ಕಲೆ

ಪ್ರತಿಮೆಯ ಲಂಗದ ಕೆಳಭಾಗದಲ್ಲಿ, ಮೊಣಕಾಲಿನಿಂದ ಕೆಳಗೆ, ತಿಳಿ ಹಸಿರು ನೀಲಿ ಕಲೆಗಳಿದ್ದವು. ಹಳೇ ಮರದಲ್ಲಿ ಹಸಿರು ಕಂಡರೆ ಒಳಗೆ ತಾಮ್ರದ ಅಥವಾ ಹಿತ್ತಾಳೆಯ ಮೊಳೆ ಇದೆ ಅಂತ ನಮ್ಮ ಲೆಕ್ಕ. ಕಬ್ಬಿಣದ ಮೊಳೆಯಾದರೆ ಸುತ್ತ ಕಪ್ಪು ಕಲೆ ಬರುತ್ತದೆ. ಮರದ ಒಗರಿಗೂ ಕಬ್ಬಿಣಕ್ಕೂ ಸೇರಿ ಶಾಯಿಯಂಥ ಕಪ್ಪು. ಆಯಸ್ಕಾಂತವನ್ನು ದಾರದಲ್ಲಿ ಇಳಿಬಿಟ್ಟು ಮೈ ಹತ್ತಿರ ತಂದರೆ, ಬಣ್ಣದ ಕೆಳಗಿನ ಕಬ್ಬಿಣದ ಕಡೆ ಅದು ವಾಲುತ್ತದೆ, ಮುಟ್ಟಿಸಬೇಕಿಲ್ಲ. ವಾಲಲಿಲ್ಲ. ಸರಿ, ತಾಮ್ರವೇ ಅಂತ ಅರ್ಧ ದಿನ ಲೆನ್ಸ್ ಹಿಡಿದು ಮೊಳೆ ತಲೆ ಹುಡುಕಿದೆ. ಒಂದೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಬಾಯಮ್ಮನ ಮಗ ಸುಮ್ನೆ ಮಾತಿಗೆ ಅಂದ, "ನಾನು ಒಂದ್ಸಲ ಗೆದ್ದಲು ಔಷಧಿ ಹೊಡೆದಿದ್ದೆ, ಏನೂ ಪ್ರಯೋಜನ ಆಗ್ಲಿಲ್ಲ."

"ಯಾವುದರಲ್ಲಿ ಹೊಡೆದ್ರಿ?"

"ತೋಟದ ಪಂಪಿನಲ್ಲಿ."

ಆ ಪಂಪಿನಲ್ಲಿ ವಾರದ ಹಿಂದೆ ಅಡಿಕೆಗೆ ಬೋರ್ಡೋ ಹೊಡೆದಿದ್ದರು, ಕೊಳೆರೋಗಕ್ಕೆ. ಮೈಲುತುತ್ತು, ಸುಣ್ಣ ಎರಡೂ ಪಂಪಿನ ತಳದಲ್ಲಿ ಉಳಿದಿತ್ತು. ಅದೇ ಮಾತೆಯ ಲಂಗದ ಮೇಲೆ ಕೂತಿದೆ. ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತು. ಕಲೆ ಒಂದಾದರೆ, ನನ್ನ ನಿಂಬೆರಸದ ಪರೀಕ್ಷೆಯೂ ಹೋಯಿತು. ಒಣಗಿದ ಸುಣ್ಣಕ್ಕೂ ನಿಂಬೆರಸ ಗುಳ್ಳೆ ಎಬ್ಬಿಸುತ್ತದಲ್ಲ! ಲಂಗದ ಕೆಳಗೆ ಬಿದ್ದ ಪುಡಿ ಅಸ್ತರೋ, ಬೋರ್ಡೋದ ಸುಣ್ಣವೋ?

ಮತ್ತೆ ಮೊದಲಿನಿಂದ ಶುರು. ಈ ಸಲ ಔಷಧಿ ತಾಗದ ಎದೆಯ ಭಾಗದಿಂದ, ತಾನಾಗೇ ಬಿದ್ದ ಒಂದು ಚಕ್ಕೆ ಹಿಡಿದೆ. ಚಕ್ಕೆಯನ್ನು ಅಡ್ಡಕ್ಕೆ ನಿಲ್ಲಿಸಿ ಲೆನ್ಸಿನಲ್ಲಿ ನೋಡಿದರೆ ಮೇಲೆ ನೀಲಿ, ಅದರ ಕೆಳಗೆ ಕೂದಲೆಳೆಯಷ್ಟು ಚಿನ್ನ, ಆಮೇಲೆ ಕೆಂಪು ಜೇಡಿ, ತಳದಲ್ಲಿ ದಪ್ಪ ಬಿಳಿ. ಆ ಬಿಳಿಯನ್ನು ಸೂಜಿಯಲ್ಲಿ ಒಂದು ಕಣ ಕೆರೆದು ಪರೀಕ್ಷೆ ಮಾಡಿದೆ. ಗುಳ್ಳೆ ಬಂತು. ಈಗ ಒಪ್ಪಬಹುದು.

ಅಂದಿನಿಂದ ನಾನು ಎಲ್ಲಿಗೇ ಹೋದರೂ ಮೊದಲ ಪ್ರಶ್ನೆ ಇದು: "ಇದಕ್ಕೆ ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ?" ಕೇಳುವ ರೀತಿ ಮೆತ್ತಗಿರಬೇಕು. ತಪ್ಪು ಹುಡುಕುವವನ ಹಾಗೆ ಕೇಳಿದರೆ ಯಾರೂ ಹೇಳುವುದಿಲ್ಲ.

ಬಣ್ಣ ಏಳುವುದು, ಮರ ಬಿರಿಯುವುದು

ಅಸ್ತರು ಉದುರುತ್ತಿದೆ ಅಂತಾಯಿತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಓರೆ ಬೆಳಕಿನಲ್ಲಿ ಮೇಲುಹೊದಿಕೆಯ ಬಣ್ಣ ನೋಡಿದರೆ, ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳದ ಅಂಚಿನ ಹಾಗೆ ಎದ್ದು ನಿಂತಿತ್ತು. ಕೆಲವು ಕಡೆ ಎರಡು ಚಕ್ಕೆ ಒಂದಕ್ಕೊಂದು ಒತ್ತಿ ಗುಡಾರದ ಹಾಗೆ ಮೇಲೆದ್ದಿದ್ದವು. ಗುಡಾರದ ಆಕಾರ ಕಂಡರೆ ಕೆಳಗಿನ ಮರ ಕುಗ್ಗಿದೆ, ಮೇಲಿನ ಪದರಕ್ಕೆ ಜಾಗ ಸಾಲದೆ ಎದ್ದಿದೆ ಅಂತ ಅರ್ಥ.

ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಉಂಗುರದ ಗುಂಟ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯ ಕಡೆ ಆಗುವುದರ ಸುಮಾರು ಎರಡು ಪಟ್ಟು. ಇಡೀ ದಿಮ್ಮಿ ಬಿರಿಯುವುದು ಈ ವ್ಯತ್ಯಾಸದಿಂದಲೇ. ಹಳಬರು ಬೆನ್ನು ತೋಡಿ ಟೊಳ್ಳು ಮಾಡುತ್ತಿದ್ದದ್ದೂ ಅದಕ್ಕೇ. (ಗೆಣ್ಣಿನಿಂದ ತಟ್ಟಿ "ಒಳಗೆ ಟೊಳ್ಳು, ಹುಳ ತಿಂದಿದೆ" ಅನ್ನುವವರು ಮೊದಲು ಬೆನ್ನು ನೋಡಬೇಕು.) ಗಾಳಿಯ ತೇವಾಂಶ 50 ಇದ್ದಾಗ ಮರದೊಳಗೆ ನೀರು ಸುಮಾರು ಶೇ. 9. ತೇವಾಂಶ 80ಕ್ಕೆ ಏರಿ ಅಲ್ಲೇ ನಿಂತರೆ ಶೇ. 16ರ ಹತ್ತಿರ. ಈ ಅಂತರದಲ್ಲಿ 1 ಅಡಿ ಅಗಲದ ಸಾಗುವಾನಿ ಹಲಗೆ 3ರಿಂದ 4 ಮಿಲಿಮೀಟರ್ ಹಿಗ್ಗಬಹುದು. ಮೇಲಿನ ಅಸ್ತರು ಸೀಮೆಸುಣ್ಣ, ಅದಕ್ಕೆ ಹಿಗ್ಗುವ ಗುಣ ಎಲ್ಲಿಂದ ಬರಬೇಕು?

ಮಳೆಗಾಲ, ಬೇಸಿಗೆ ಮಲೆನಾಡಿಗೆ ಹೊಸದಲ್ಲ. ನಿಧಾನವಾಗಿ ಬಂದು ನಿಧಾನವಾಗಿ ಹೋಗುವ ತೇವವನ್ನು ದಪ್ಪ ಮರ ಹೇಗೋ ತಾಳಿಕೊಳ್ಳುತ್ತದೆ. ದಿನಾ ಏರಿ ದಿನಾ ಇಳಿಯುವುದನ್ನು ತಾಳುವುದಿಲ್ಲ. ಹಳೇ ಮನೆಯಲ್ಲಿ ಈ ಪ್ರತಿಮೆ ದಪ್ಪ ಮಣ್ಣಿನ ಗೋಡೆಯ ಗೂಡಿನಲ್ಲಿ, ಕತ್ತಲಲ್ಲಿ ಇತ್ತಂತೆ. ಮೂರು ವರ್ಷದ ಹಿಂದೆ ಹೊಸ ಮನೆ ಕಟ್ಟಿದರು. ಪ್ರೀತಿಯಿಂದಲೇ, ಸುತ್ತ ಗಾಜಿನ ಪೆಟ್ಟಿಗೆ ಮಾಡಿಸಿ ಒಳಗೆ ಮೂರು ಹಳದಿ ಬಲ್ಬ್ ಹಾಕಿಸಿದರು. ಸಂಜೆ ತೇರ್ಸದ, ಅಂದರೆ ಜಪಮಾಲೆ ಪ್ರಾರ್ಥನೆಯ ಹೊತ್ತಿಗೆ ಹಚ್ಚಿ, ಮಲಗುವಾಗ ಆರಿಸುವುದು.

ಪೆಟ್ಟಿಗೆಯೊಳಗೆ ಮೀಟರ್ ಇಟ್ಟೆವು. ಬಲ್ಬ್ ಹಚ್ಚುವ ಮೊದಲು 25 ಡಿಗ್ರಿ, ತೇವಾಂಶ 84. ಒಂದು ಗಂಟೆಯ ಮೇಲೆ 36 ಡಿಗ್ರಿ, ತೇವಾಂಶ 51. ಇದರಲ್ಲಿ ಮಾಯ ಏನಿಲ್ಲ. 25 ಡಿಗ್ರಿಯಲ್ಲಿ 80 ಇರುವ ಗಾಳಿಯನ್ನು ಹಾಗೇ 35ಕ್ಕೆ ಬಿಸಿ ಮಾಡಿದರೆ, ಒಂದು ಹನಿ ನೀರೂ ಹೊರಗೆ ಹೋಗದೆ, ತೇವಾಂಶ 45ಕ್ಕೆ ಇಳಿಯುತ್ತದೆ. ಬಲ್ಬ್ ಆರಿಸಿದ ಮೇಲೆ ಮತ್ತೆ ಮೇಲಕ್ಕೆ. ಮರದ ಹೊರಮೈಗೆ ದಿನಕ್ಕೊಂದು ಬೇಸಿಗೆ, ದಿನಕ್ಕೊಂದು ಮಳೆಗಾಲ. ಮೂರು ವರ್ಷಕ್ಕೆ ಸಾವಿರ ಸಲ.

ಬಲ್ಬ್‌ಗೆ ಹತ್ತಿರ ಇದ್ದ ಬಲ ಭುಜದಲ್ಲೇ ಜಾಸ್ತಿ ಚಕ್ಕೆ ಎದ್ದಿತ್ತು. ಬಲ ಭುಜದಿಂದ ಸೊಂಟದವರೆಗೆ ಒಂದು ಬಿರುಕೂ ಇತ್ತು. ಬಿರುಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ಬಿರುಕಿನೊಳಗೆ ದೂಳು, ಮೇಣ, ಹಿಂದಿನವರು ಬಳಿದ ಬಣ್ಣ ಇರುತ್ತದೆ. ಹೊಸದರ ಒಳಗೆ ಮರದ ತಾಜಾ ಬಣ್ಣ. ಇಲ್ಲಿ ಮೇಲಿನ ಅರ್ಧ ಹಳೆಯದು, ಕೆಳಗಿನ ನಾಲ್ಕು ಬೆರಳಷ್ಟು ಉದ್ದ ಹೊಸದು. ಬಿರುಕು ಇನ್ನೂ ಓಡುತ್ತಿದೆಯಾ ಅಂತ ತಿಳಿಯಲು ಪ್ರತಿಮೆಯ ಮೇಲೆ ಗೆರೆ ಹಾಕಬೇಡಿ. ತುದಿಯ ಪಕ್ಕ ಸ್ಕೇಲ್ ಹಿಡಿದು ತಿಂಗಳಿಗೊಂದು ಫೋಟೋ ಸಾಕು. ಅಗಲ ನೋಡಲು ನೋಟಿನಷ್ಟು ದಪ್ಪದ ಕಾಗದದ ಪಟ್ಟಿ ಇಳಿಸಿ, ಎಷ್ಟು ಪಟ್ಟಿ ಹಿಡಿಯುತ್ತದೆ ಅಂತ ಬರೆದಿಡಿ. ಮಳೆಗಾಲದಲ್ಲಿ ಮುಚ್ಚಿಕೊಂಡು ಬೇಸಿಗೆಯಲ್ಲಿ ತೆರೆಯುವ ಬಿರುಕಿಗೆ ಎಂ-ಸೀಲ್ ತುಂಬಿದರೆ, ಮುಂದಿನ ಮಳೆಗೆ ಮರ ಹಿಗ್ಗಲು ಜಾಗ ಇಲ್ಲದೆ ಪಕ್ಕದಲ್ಲಿ ಇನ್ನೊಂದು ಬಿರುಕು ಬರುತ್ತದೆ. ಹೀಗಾದದ್ದನ್ನು ಎರಡು ಕಡೆ ನೋಡಿದ್ದೇನೆ.

ಚಕ್ಕೆ ಏಳುತ್ತಿದ್ದರೆ ತುರ್ತಾಗಿ ಮಾಡಬೇಕಾದದ್ದು ಒಂದೇ. ಇಬ್ಬರು ಸೇರಿ ಪ್ರತಿಮೆಯನ್ನು ಮೆತ್ತನೆ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ನಿಂತಿದ್ದರೆ ಎದ್ದ ಚಕ್ಕೆ ಬೀಳುತ್ತದೆ, ಮಲಗಿದ್ದರೆ ಇದ್ದಲ್ಲೇ ಇರುತ್ತದೆ. ಎತ್ತುವಾಗ ಕೈ, ತಲೆ, ಕಿರೀಟ ಹಿಡಿಯಬೇಡಿ, ಸೊಂಟಕ್ಕೂ ಬುಡಕ್ಕೂ ಕೈ ಕೊಡಿ. ಬಿದ್ದ ಚಕ್ಕೆಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಎಲ್ಲಿ ಬಿದ್ದದ್ದು, ಯಾವತ್ತು ಅಂತ ಮೇಲೆ ಬರೆದಿಡಿ. ಫೆವಿಕಾಲ್ ಬೇಡ. ನಾನು ದಿನಾ ಬಳಸುವ ಅಂಟು ಅದು, ಆದರೂ ಇಲ್ಲಿ ಬೇಡ. ಆಮೇಲೆ ಬರುವ ಸಂರಕ್ಷಣೆಯವರಿಗೆ ಅದನ್ನು ಬಿಡಿಸುವುದೇ ಒಂದು ಕೆಲಸವಾಗುತ್ತದೆ, ಬಿಡಿಸುವಾಗ ಬಣ್ಣವೂ ಕಿತ್ತು ಬರುತ್ತದೆ.

ಉಳಿದ ತೊಂದರೆಗಳು

ಮಳೆಗಾಲದಲ್ಲಿ ಬರುವ ಬೂಷ್ಟಿಗೆ ಹೆದರಬೇಡಿ. ಲೆನ್ಸಿನಲ್ಲಿ ಹತ್ತಿಯ ಎಳೆಯಂತೆ ಕಂಡರೆ ಬೂಷ್ಟು. ತೇವಾಂಶ 70 ದಾಟಿ ಹಾಗೇ ನಿಂತು, ಗಾಳಿ ಆಡದಿದ್ದರೆ ಬರುತ್ತದೆ. ಪ್ರತಿಮೆಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತನ್ನಿ, ಗಾಳಿಯಾಡಲಿ, ಒಣಗಿದ ಮೇಲೆ ಬಣ್ಣ ಗಟ್ಟಿ ಇರುವ ಕಡೆ ಮಾತ್ರ ಮೆದು ಬ್ರಷ್ಷಿನಲ್ಲಿ ಹೊರಗೆ ಕೂತು ತೆಗೆಯಿರಿ. ಎಳೆ ಕಾಣದೆ ಹರಳಿನಂತೆ ಮಿಂಚಿದರೆ ಅದು ಒದ್ದೆ ಗೋಡೆಯಿಂದ ಬಂದ ಉಪ್ಪು. ಗೋಡೆ ಸರಿ ಮಾಡದೆ ಅದು ನಿಲ್ಲುವುದಿಲ್ಲ.

ಬುಡ ಮಾತ್ರ ಖಂಡಿತ ನೋಡಿ. ನೆಲ ಒರೆಸಿದ ನೀರನ್ನು ಮರದ ಕಡಿದ ತುದಿ ಬತ್ತಿಯ ಹಾಗೆ ಹೀರುತ್ತದೆ. ಮರದ ನೀರಿನಂಶ ಶೇ. 20 ದಾಟಿ ನಿಂತರೆ ಲಡ್ಡು ಹಿಡಿಯಲು, ಅಂದರೆ ಮರ ಕೊಳೆಯಲು ಶುರು. ಬುಡದ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ದಬ್ಬಳವನ್ನು ಮೆಲ್ಲಗೆ ಒತ್ತಿ. ಗಟ್ಟಿ ಮರ ತಡೆಯುತ್ತದೆ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಲಡ್ಡಾಗಿದೆ, ಪ್ರತಿಮೆಯನ್ನು ನಿಲ್ಲಿಸುವುದೇ ಅಪಾಯ.

ಮುಖ, ಕೈ ಮಾತ್ರ ಬೇರೆ ಬಿಳಿ ವಸ್ತುವಿನದ್ದಾಗಿದ್ದರೆ ಅದು ಆನೆದಂತ ಇರಬಹುದು. ಗೋವಾದ ಕೆಲಸದಲ್ಲಿ ಇದು ಇದೆ. ಕಡಿದ ತುದಿಯಲ್ಲಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳ ಜಾಲ ಕಾಣುತ್ತದೆ. ಅದನ್ನು ಮಾರುವ ಮಾತು ಬೇಡ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ದಂತ ಇಲ್ಲದಿದ್ದರೂ, 100 ವರ್ಷ ದಾಟಿದ ಶಿಲ್ಪ ಅದೇ ವರ್ಷದ ಇನ್ನೊಂದು ಕಾಯ್ದೆಯ ಪ್ರಕಾರ ಪುರಾತನ ವಸ್ತು. ವಿದೇಶದ ನೆಂಟರಿಗೆ ಅಂತ ಪಾರ್ಸೆಲ್ ಮಾಡುವ ಹಾಗಿಲ್ಲ.

ನಿಜವಾಗಿ ಹುಳ ಇದ್ದರೆ

ಪ್ರತಿಮೆಯನ್ನು ಬೇರೆ ಮರದ ಸಾಮಾನಿನಿಂದ ದೂರ ಇಡಿ. ಸೀಮೆಎಣ್ಣೆ ಬೇಡ, ಬಣ್ಣದೊಳಗೆ ಇಳಿದು ಕಲೆಯಾಗುತ್ತದೆ. ಗೇರೆಣ್ಣೆ ಅಂತೂ ಕನಸಲ್ಲೂ ಬೇಡ. ಪಕಾಸಿಗೆ, ದಣಪೆಗೆ ಅದು ಒಳ್ಳೆಯದೇ, ಆದರೆ ಪ್ರತಿಮೆ ಕರಿಯಾದರೆ ಮತ್ತೆ ಯಾರಿಂದಲೂ ತೆಗೆಯಲಿಕ್ಕಾಗುವುದಿಲ್ಲ. ನುಸಿಗುಳಿಗೆಯ ವಾಸನೆ ಮರದೊಳಗಿನ ಹುಳುವಿಗೆ ತಲುಪುವುದಿಲ್ಲ. ಹೊಳಪಿಗೆ ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ, ಒಂದು ವರ್ಷದಲ್ಲಿ ದೂಳು ಕೂತು ಮುಖವೇ ಮಸಿಯಾಗುತ್ತದೆ.

ಬಣ್ಣದ ಪ್ರತಿಮೆಗೆ ಹೇಳಿ ಮಾಡಿಸಿದ ಉಪಾಯ ಉಸಿರು ಕಟ್ಟಿಸುವುದು. ಆಮ್ಲಜನಕ ಒಳಗೆ ಬಿಡದ ವಿಶೇಷ ಪ್ಲಾಸ್ಟಿಕ್ ಚೀಲದಲ್ಲಿ ಪ್ರತಿಮೆ ಇಟ್ಟು, ಒಳಗಿನ ಆಮ್ಲಜನಕವನ್ನು ಹೀರುವ ಪೊಟ್ಟಣ ಹಾಕಿ, ಮೂರು ವಾರ ಮುಚ್ಚಿಡುತ್ತಾರೆ. ಮೊಟ್ಟೆ, ಮರಿ, ದುಂಬಿ ಎಲ್ಲ ಸಾಯುತ್ತವೆ, ಬಣ್ಣಕ್ಕೆ ಒಂದು ಹನಿಯೂ ತಾಗುವುದಿಲ್ಲ. ಮನೆಯ ಮಾಮೂಲಿ ಪಾಲಿಥೀನ್ ಚೀಲದಲ್ಲಿ ಇದು ಆಗುವುದಿಲ್ಲ, ಅದರ ಮೂಲಕ ಗಾಳಿ ನುಸುಳುತ್ತದೆ. ಸಂರಕ್ಷಣೆ ಕಲಿತವರಿಂದಲೇ ಮಾಡಿಸಿ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಅಲ್ಲಿ ಕೇಳಿದರೆ ದಾರಿ ಸಿಗುತ್ತದೆ. ನಾನು ಮರದ ಕೆಲಸದವನು, ಗೂಟ ಸಡಿಲಾದರೆ ಸರಿ ಮಾಡಿಕೊಡಬಲ್ಲೆ. ಚಿನ್ನದ ರೇಕಿನ ಮೇಲೆ ಎದ್ದ ಚಕ್ಕೆ ಕೂರಿಸುವುದು ನನ್ನ ಕೆಲಸವಲ್ಲ.

ಬಾಯಮ್ಮನ ಮನೆಯಲ್ಲಿ ಆಮೇಲೆ

ಮೂರೂ ಬಲ್ಬ್ ಬಿಚ್ಚಿದೆವು. ಗಾಜಿನ ಪೆಟ್ಟಿಗೆಯ ಮೇಲೂ ಕೆಳಗೂ ಗಾಳಿಗೆ ಸಂದು ಮಾಡಿ, ಸಂದಿಗೆ ಸೊಳ್ಳೆ ಪರದೆ ಬಡಿದೆವು. ಪೆಟ್ಟಿಗೆ ಪಶ್ಚಿಮದ ಹೊರಗೋಡೆ ಬಿಟ್ಟು ಒಳಗೋಡೆಗೆ ಬಂತು. ಬಾಯಮ್ಮನಿಗೆ ಬೆಳಕಿಲ್ಲದೆ ಸಮಾಧಾನ ಇಲ್ಲ. "ಕತ್ತಲಲ್ಲಿ ಮಾತೆಯನ್ನು ಕೂರಿಸುವುದಾ?" ಅಂದರು. ಕೊನೆಗೆ ಪೆಟ್ಟಿಗೆಯ ಹೊರಗೆ, ಎಂಟು ಅಡಿ ದೂರದಲ್ಲಿ ಒಂದು ಸಣ್ಣ ಎಲ್‌ಇಡಿ. ಮೀಟರ್ ಈಗ ಸಂಜೆ, ಬೆಳಿಗ್ಗೆ ನಾಲ್ಕೈದು ಅಂಕಿಯ ಒಳಗೇ ಆಡುತ್ತದೆ.

ಚಕ್ಕೆ ಕೂರಿಸಲು ಬಲ್ಲವರು ಬಂದದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಪ್ರತಿಮೆ ಹಾಸಿಗೆಯ ಮೇಲೆ ಮಲಗಿಯೇ ಇತ್ತು. ಬಾಯಮ್ಮ ಅದಕ್ಕೊಂದು ಬಿಳಿ ಪಂಚೆ ಹೊದಿಸಿದ್ದರು, ದೂಳು ಬೀಳದ ಹಾಗೆ ಬದಿಗೆ ಕೋಲು ಕೊಟ್ಟು, ಬಟ್ಟೆ ಮೈಗೆ ತಾಗದಂತೆ. ಹದಿನೇಳು ಬೆಂಕಿಪೊಟ್ಟಣದ ಚಕ್ಕೆಗಳಲ್ಲಿ ಹನ್ನೊಂದು ಪೊಟ್ಟಣದ್ದು ತಮ್ಮ ತಮ್ಮ ಜಾಗಕ್ಕೆ ಹೋದವು. ಆರಕ್ಕೆ ಜಾಗ ಸಿಕ್ಕಲಿಲ್ಲ, ಅವು ಪೆಟ್ಟಿಗೆಯ ತಳದ ಡ್ರಾಯರಿನಲ್ಲಿವೆ. ಬೋರ್ಡೋ ಕಲೆ ಅರ್ಧ ಹೋಯಿತು, ಅರ್ಧ ಹಾಗೇ ಇದೆ. ಕಪ್ಪು ಕಾಗದವನ್ನು ಬಾಯಮ್ಮನ ಮೊಮ್ಮಗಳು ಪ್ರತಿ ಶನಿವಾರ ಬದಲಿಸಿ, ತಾರೀಕು ಬರೆದು ನನಗೆ ಫೋಟೋ ಕಳಿಸುತ್ತಾಳೆ. ಹೋದ ವಾರದ್ದರಲ್ಲಿ ಒಂದು ಸತ್ತ ಇರುವೆ ಇತ್ತು.